ದುಬೈನಲ್ಲಿ ಕೆಲಸ, ಹುಬ್ಬಳ್ಳಿ ವಿದ್ಯಾನಗರದ ಮನೆಯಿಂದ ಬಾಡಿಗೆ. ಇಲ್ಲಿ ತೆರಿಗೆ ಕಟ್ಟಬೇಕಾ?

ನೀವು ಅನಿವಾಸಿ ಆಗಿದ್ದರೆ ದುಬೈ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅನಿವಾಸಿಯೇ. ಇಲ್ಲಿನ ಆದಾಯ 15 ಲಕ್ಷ ದಾಟಿದವರ ಲೆಕ್ಕ ಬೇರೆ. ಅವರು ಆಡಿಟರ್ ಹತ್ತಿರ ಹೋಗುವುದೇ ಒಳ್ಳೆಯದು.

ಆದರೆ ಬಾಡಿಗೆ ಇಲ್ಲಿನ ಆದಾಯ, ಅದಕ್ಕೆ ತೆರಿಗೆ ಇದೆ. ಜಾಸ್ತಿ ಜನ ಎಡವುವುದು ಇಲ್ಲೇ: ಮಾಲೀಕ ಅನಿವಾಸಿ ಆದರೆ ಬಾಡಿಗೆದಾರರೇ ಟಿಡಿಎಸ್ (ಬಾಡಿಗೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಸಾಮಾನ್ಯ ದರ ಸೆಸ್ ಸೇರಿ ಶೇ 31.2. ಪಾಪ, ಅವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ, ಮೊದಲೇ ತಿಳಿಸಿ. ನಿಮ್ಮ ತೆರಿಗೆ ಅಷ್ಟಾಗದಿದ್ದರೆ ರಿಟರ್ನ್ ಹಾಕಿ, ಉಳಿದದ್ದು ವಾಪಸ್ ಬರುತ್ತದೆ.

ಅನಿವಾಸಿಗಳು ಹೊರದೇಶದ ದುಡಿಮೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ, ಇಲ್ಲಿನ ಆದಾಯ ಇಡುವ ಎನ್‌ಆರ್‌ಒ ಖಾತೆಯ ಬಡ್ಡಿಗೆ ಇದೆ. ಗದಗ ಕಡೆ ಹೊಲ ಇದ್ದು ಲಾವಣಿ (ಹೊಲದ ಗುತ್ತಿಗೆ ಹಣ) ಬರುತ್ತಿದ್ದರೆ ಅದು ಕೃಷಿ ಆದಾಯ, ಅದಕ್ಕೆ ನೇರವಾಗಿ ತೆರಿಗೆ ಇಲ್ಲ.