ಮಾರುತಿ 800ರ ಬೋಲ್ಟಿಗೆ ಅಂಗಡಿಯ ನಟ್ಟು ಏಕೆ ಕೂರುವುದಿಲ್ಲ?

ಪ್ರಶ್ನೆ: ಹಳೆಯ ಮಾರುತಿ 800ರ ಎಂಜಿನ್, ಮುಂದಿನ ಸಸ್ಪೆನ್ಷನ್ ಮತ್ತು ಬ್ರೇಕುಗಳನ್ನು ಬಳಸಿಕೊಂಡು, ನಮ್ಮ ತೋಟದೊಳಗೆ ಓಡಿಸಲೆಂದು ಪೈಪಿನ ಚೌಕಟ್ಟಿನ ಎರಡು ಸೀಟಿನ ಬಗ್ಗಿಯನ್ನು ಮನೆಯಲ್ಲೇ ಕಟ್ಟುತ್ತಿದ್ದೇನೆ. ಅದರ 10 ಮತ್ತು 12 ಮಿ.ಮೀ. ಬೋಲ್ಟುಗಳಿಗೆ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯ ನಟ್ಟುಗಳು ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತವೆ. ಡೈ (ಬೋಲ್ಟಿನ ಮೇಲೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್ ತಿದ್ದಿಸಿ ಎಂದು ಲೇತಿನವರು ಹೇಳುತ್ತಾರೆ. ಸರಿಯಾದ ಬೋಲ್ಟು, ನಟ್ಟುಗಳು ಎಲ್ಲಿ ಸಿಗುತ್ತವೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಮೊದಲಿಗೆ, ದಯವಿಟ್ಟು ಡೈ ಹಾಕಿಸಬೇಡಿ. ನಿಮ್ಮ ಬೋಲ್ಟುಗಳ ಥ್ರೆಡ್ ಹಾಳಾಗಿಲ್ಲ. ಅದರ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ದೂರ, ಬೇರೆ, ಅಷ್ಟೇ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒರಟು ಪಿಚ್; ಅಂದರೆ 10 ಮಿ.ಮೀ. ಬೋಲ್ಟಿಗೆ 1.5, 12 ಮಿ.ಮೀ. ಬೋಲ್ಟಿಗೆ 1.75. ಮಾರುತಿಯ ಮೂಲವಾದ ಸುಜುಕಿ ಸೇರಿದಂತೆ ಜಪಾನಿನ ವಾಹನಗಳಲ್ಲಿ ಈ ಎರಡೂ ಗಾತ್ರಗಳಿಗೆ ಹೆಚ್ಚಾಗಿ 1.25 ಪಿಚ್ಚನ್ನೇ ಬಳಸುತ್ತಾರೆ, ನಿಮ್ಮ ಚಕ್ರದ ಸ್ಟಡ್‌ಗಳೂ 12 × 1.25 ಗಾತ್ರದವೇ. ಸೂಕ್ಷ್ಮ ಪಿಚ್ಚಿನಲ್ಲಿ ಥ್ರೆಡ್ಡಿನ ಆಳ ಕಡಿಮೆಯಾದ್ದರಿಂದ ಬೋಲ್ಟಿನ ಒಡಲಲ್ಲಿ ಹೆಚ್ಚು ಉಕ್ಕು ಉಳಿಯುತ್ತದೆ: 12 ಮಿ.ಮೀ. ಬೋಲ್ಟಿನಲ್ಲಿ ಎಳೆತವನ್ನು ತಡೆಯುವ ಅಡ್ಡಕೊಯ್ತ 1.75 ಪಿಚ್ಚಿಗೆ 84.3 ಚದರ ಮಿ.ಮೀ. ಇದ್ದರೆ 1.25ಕ್ಕೆ 92.1 ಆಗುತ್ತದೆ. ಅಲುಗಾಟಕ್ಕೆ ಸಡಿಲವಾಗುವ ಪ್ರವೃತ್ತಿಯೂ ಅದರಲ್ಲಿ ಕಡಿಮೆ. 1.25 ಪಿಚ್ಚಿನ 10 ಮಿ.ಮೀ. ಬೋಲ್ಟಿನ ಮೇಲೆ 1.5ರ ಡೈ ಓಡಿಸಿದರೆ ಎರಡೂ ಥ್ರೆಡ್ಡುಗಳ ಏಣುಗಳು ಕತ್ತರಿಸಿಹೋಗಿ, ನಟ್ಟು ಕೂತಂತೆ ಕಂಡರೂ ಅದಕ್ಕೆ ಹಿಡಿತವೇ ಇರುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಪ್ರತಿಯೊಂದು ಬೋಲ್ಟನ್ನೂ ಅಳೆದು ಬರೆದಿಟ್ಟುಕೊಳ್ಳಿ. ಪಿಚ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವರ್ನಿಯರ್‌ನಿಂದ ಹತ್ತು ಥ್ರೆಡ್ಡುಗಳ ದೂರವನ್ನು ಅಳೆದರೆ, 12.5 ಮಿ.ಮೀ. ಬಂದಾಗ ಪಿಚ್ 1.25 ಎಂದು ತಿಳಿಯಬಹುದು. ತಲೆಯೂ ಒಂದು ಸುಳಿವು ಕೊಡುತ್ತದೆ: 10 ಮಿ.ಮೀ. ಬೋಲ್ಟಿಗೆ 14ರ ಪಾನಾ ಕೂತರೆ ಅದು ಜಪಾನೀ ಮಾದರಿಯದು, ಅಂಗಡಿಯ ಬೋಲ್ಟಿಗಾದರೆ 16 ಅಥವಾ 17 ಬೇಕಾಗುತ್ತದೆ.

ಇನ್ನು ಸಿಗುವ ಸ್ಥಳದ ಮಾತು. ಕಟ್ಟಡ ಸಾಮಗ್ರಿ ಮಾರುವವರಲ್ಲಿ ಅಪರೂಪವಾದ ಈ ಥ್ರೆಡ್, ವಾಹನದ ಬಿಡಿಭಾಗ ಮಾರುವವರಲ್ಲಿ ದಿನನಿತ್ಯದ ಸರಕು. ನಿಮ್ಮ ಹತ್ತಿರದ ಮಾರುತಿ ಬಿಡಿಭಾಗದ ಅಂಗಡಿಯಲ್ಲಿ, ಬೋಲ್ಟು ಯಾವ ಭಾಗದ್ದೆಂದು ಹೇಳಿ ಪಾರ್ಟ್ ನಂಬರಿನಿಂದಲೇ ಕೇಳಿ. ಸಸ್ಪೆನ್ಷನ್ ಮತ್ತು ಸ್ಟೀರಿಂಗಿನ ಬೋಲ್ಟುಗಳನ್ನು ಹೀಗೆಯೇ ಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅನೇಕರಿಗೆ ಹೊಳೆಯದ ಇನ್ನೊಂದು ಮೂಲವೆಂದರೆ ಬೈಕಿನ ಬಿಡಿಭಾಗದ ಅಂಗಡಿ: ಜಪಾನೀ ಮೂಲದ ಬೈಕುಗಳ ಎಂಜಿನ್ ಮೌಂಟಿಂಗ್ ಮತ್ತು ಬ್ರೇಕ್ ಕ್ಯಾಲಿಪರ್‌ಗಳಲ್ಲಿ 10 × 1.25 ಹೇರಳವಾಗಿದೆ. ಬೆಂಗಳೂರಿಗೆ ಬರುವುದಾದರೆ ವಾಹನದ ಭಾಗಗಳಿಗೆ ಜೆ.ಸಿ. ರಸ್ತೆಯನ್ನೂ ಬೋಲ್ಟುಗಳಿಗೆ ಎಸ್.ಜೆ.ಪಿ. ರಸ್ತೆಯನ್ನೂ ನೋಡಿ. ಅಲ್ಲಿ ‘ಹತ್ತರ ಬೋಲ್ಟು’ ಎಂದಷ್ಟೇ ಕೇಳದೆ ‘ಎಂ10 × 1.25 × 90, 10.9, ಅರ್ಧ ಥ್ರೆಡ್’ ಎಂಬಂತೆ ವ್ಯಾಸ (ಎಂ10 ಎಂದರೆ 10 ಮಿ.ಮೀ.), ಪಿಚ್, ಉದ್ದ, ಶಕ್ತಿಯ ದರ್ಜೆ, ಥ್ರೆಡ್ಡಿನ ಬಗೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಗುಜರಿಯ ಬೋಲ್ಟುಗಳು ಅಳತೆಗೆ ಮಾದರಿಯಾಗಿ ಉಪಯುಕ್ತ. ಎಷ್ಟು ಎಳೆತ ಅನುಭವಿಸಿವೆ ಎಂಬುದು ಹೊರಗೆ ಕಾಣಿಸದ ಕಾರಣ ಸಸ್ಪೆನ್ಷನ್ನಿಗೆ ಅವು ಬೇಡ.

ಅರ್ಧ ಥ್ರೆಡ್ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. 90 ಮಿ.ಮೀ. ಉದ್ದದ ಎಂ10 ಬೋಲ್ಟಿನಲ್ಲಿ ಸುಮಾರು 26 ಮಿ.ಮೀ. ಥ್ರೆಡ್ ಇರುತ್ತದೆ, ಉಳಿದ 64 ನಯವಾದ ದಂಡ. ಬುಷ್ ಮತ್ತು ಬ್ರಾಕೆಟ್ ಸೇರುವ ಗೆರೆಯಲ್ಲಿ ಬೋಲ್ಟನ್ನು ಕತ್ತರಿಸುವಂಥ ಬಲ ಬೀಳುವುದರಿಂದ ಅಲ್ಲಿ ಈ ನಯವಾದ ದಂಡವೇ ಇರಬೇಕು. ಉದ್ದ ಸಿಗಲಿಲ್ಲವೆಂದು ಪೂರ್ತಿ ಥ್ರೆಡ್ಡಿನ ಬೋಲ್ಟು ಹಾಕಿದರೆ, ಬಿರುಕು ಮೊದಲು ಮೂಡುವುದೇ ಥ್ರೆಡ್ಡಿನ ಬುಡದಲ್ಲಿ. ತಲೆಯ ಮೇಲಿನ 8.8, 10.9 ಎಂಬ ಗುರುತನ್ನೂ ನೋಡಿ, ಮೂಲ ಬೋಲ್ಟಿನ ದರ್ಜೆಗಿಂತ ಕಡಿಮೆಯದನ್ನು ಹಾಕಬೇಡಿ. ಲೇತಿನಲ್ಲಿ ಸಾಧಾರಣ ಕಬ್ಬಿಣದ ಸರಳಿನಿಂದ ಕಡೆಸಿದ ಬೋಲ್ಟು ಅಳತೆಗೆ ಸರಿಯಾಗಿ ಕೂತರೂ ಶಕ್ತಿಯಲ್ಲಿ ಅದಕ್ಕೆ ಸಮವಲ್ಲ. ತುಕ್ಕು ಹಿಡಿಯದಿರಲೆಂದು 10.9 ಬೋಲ್ಟುಗಳಿಗೆ ಊರಿನಲ್ಲಿ ಸತುವಿನ ಲೇಪ (ಪ್ಲೇಟಿಂಗ್) ಹಾಕಿಸುವುದೂ ಅಪಾಯಕರ; ಆಸಿಡ್ ತೊಟ್ಟಿಯಲ್ಲಿ ಉಕ್ಕು ಹೀರಿಕೊಳ್ಳುವ ಜಲಜನಕವನ್ನು ಬಿಸಿ ಮಾಡಿ ಹೊರಹಾಕದಿದ್ದರೆ, ಬಿಗಿದ ಕೆಲವು ದಿನಗಳ ನಂತರ ಯಾವ ಸೂಚನೆಯೂ ಇಲ್ಲದೆ ಬೋಲ್ಟು ತುಂಡಾಗಬಹುದು.

ನೀವು ಕೇಳಿಲ್ಲವಾದರೂ ಬ್ರೇಕ್ ಪೈಪಿನ ನಟ್ಟುಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಮನೆಯಲ್ಲಿ ಕಟ್ಟುವ ವಾಹನಗಳಲ್ಲಿ ನನಗೆ ಅತಿ ಹೆಚ್ಚು ಆತಂಕ ತರುವ ಜಾಗ ಅದೇ. ಜಪಾನೀ ಮಾದರಿಯಲ್ಲಿ ಅವು ಸಾಮಾನ್ಯವಾಗಿ 10 × 1.0. ಹಳೆಯ ಜೀಪಿನಂಥ ಇಂಚು ಅಳತೆಯ ವಾಹನಗಳಲ್ಲಿ ಬರುವ 3/8 ಇಂಚಿನ, ಇಂಚಿಗೆ 24 ಥ್ರೆಡ್ಡಿನ ನಟ್ಟಿನ ವ್ಯಾಸ 9.525 ಮಿ.ಮೀ., ಪಿಚ್ 1.058. ಅದು 10 × 1.0 ರಂಧ್ರದೊಳಗೆ ಸಲೀಸಾಗಿ ಇಳಿಯುತ್ತದೆ, ಪಾನಾಕ್ಕೆ ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಥ್ರೆಡ್ಡಿನ ತುದಿಗಳಷ್ಟೇ ಹಿಡಿದುಕೊಂಡಿರುವುದರಿಂದ ಜೋರಾಗಿ ಬ್ರೇಕ್ ಒತ್ತಿದಾಗ ಕಿತ್ತು ಬರಬಹುದು. ಕೈಯಲ್ಲಿ ತಿರುಗಿಸುವಾಗ ನಟ್ಟು ಅತ್ತಿತ್ತ ಅಲುಗಾಡಿದರೆ ಅದನ್ನು ಬಿಟ್ಟುಬಿಡಿ, ಪೈಪಿನ ತುದಿಯ ಆಕಾರವೂ ಹೊಂದುವಂತೆ ಮಾರುತಿಯ ಪೈಪನ್ನೇ ಕೊಳ್ಳಿ.

ಚೌಕಟ್ಟಿಗೆ ನೀವೇ ಹೊಸದಾಗಿ ಮಾಡುವ ಸೀಟು, ಬ್ಯಾಟರಿ ಮತ್ತು ಟ್ಯಾಂಕಿನ ಬ್ರಾಕೆಟ್ಟುಗಳಿಗೆ ಮಾತ್ರ ಎಲ್ಲೆಡೆ ಸಿಗುವ ಎಂ8 × 1.25 ಅಥವಾ ಎಂ10 × 1.5, 8.8 ದರ್ಜೆಯ ಬೋಲ್ಟುಗಳನ್ನು ನಿಶ್ಚಿಂತೆಯಿಂದ ಬಳಸಿ. ನೈಲಾನ್ ಉಂಗುರದ ಲಾಕ್ ನಟ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಬದಲಿಸಿ, ಸೈಲೆನ್ಸರಿನ ಬಳಿ ಪೂರ್ತಿ ಲೋಹದವನ್ನೇ ಹಾಕಿ. ಎರಡು ಬಗೆಯ ಎಂ10 ನಟ್ಟುಗಳು ಒಂದೇ ವಾಹನದಲ್ಲಿ ಸೇರುವುದರಿಂದ ಅವನ್ನು ಬೇರೆ ಬೇರೆ ಡಬ್ಬಿಗಳಲ್ಲಿ, ಪಿಚ್ ಬರೆದು ಇಟ್ಟುಕೊಳ್ಳಿ.