ನದಿಯ ಮೇಲೆ ಹೊರಿಸಿದ ಗಡಿ

‘ನದಿ ಎಂದರೆ ನಿಸರ್ಗವೇ ಹಾಕಿಕೊಟ್ಟ ಗಡಿ. ದೇಶಗಳ ಎಲ್ಲೆ ಅದನ್ನು ಅನುಸರಿಸಿದರೆ ತಕರಾರೇ ಇರುವುದಿಲ್ಲ’ ಎಂದು ಶಿವಮೊಗ್ಗದಿಂದ ನಿವೃತ್ತ ಭೂಗೋಳ ಶಿಕ್ಷಕರೊಬ್ಬರು ಬರೆದಿದ್ದಾರೆ.

ಮೇಷ್ಟ್ರೇ, ನದಿಯ ಗಡಿಯನ್ನು ಗುರುತಿಸುವುದು, ಕಾಯುವುದು ಸುಲಭ, ಅಷ್ಟನ್ನು ಒಪ್ಪಿದೆ. ಆದರೆ ಊರುಗಳು ಹುಟ್ಟುವುದೇ ನದಿ ದಾಟುವ ಕಡೆ. ಅಲ್ಲಿ ಗೆರೆ ಎಳೆದರೆ ಏನಾಗುತ್ತದೆಂದು ತಿಳಿಯಲು ಇಂದಿನ ಪೋಲೆಂಡ್ ಮತ್ತು ಚೆಕ್ ದೇಶಗಳ ಗಡಿಯಲ್ಲಿರುವ, ಓಲ್ಜಾ ನದಿಯ ದಡದ ಚೆಶಿನ್ ಪಟ್ಟಣವನ್ನು ನೋಡಿ.

1918ರವರೆಗೆ ಅದು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ (ಆಸ್ಟ್ರಿಯಾ-ಹಂಗೇರಿಯ) ಒಂದೇ ಊರು. ಸಾಮ್ರಾಜ್ಯ ಕುಸಿದದ್ದೇ ತಡ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಅದಕ್ಕಾಗಿ ಬಡಿದಾಡಿದವು. ಜನಮತ ಕೇಳುತ್ತೇವೆ ಎಂದರು, ಕೇಳಲಿಲ್ಲ. 1920ರ ಜುಲೈ 28ರಂದು, ಮೊದಲ ಮಹಾಯುದ್ಧ ಗೆದ್ದ ಮಿತ್ರರಾಷ್ಟ್ರಗಳ ರಾಯಭಾರಿಗಳು ತೀರ್ಪು ಕೊಟ್ಟರು: ಕೋಟೆಗುಡ್ಡ ಮತ್ತು ಮಾರುಕಟ್ಟೆ ಚೌಕವಿರುವ ಹಳೆಯ ಊರು ಪೋಲೆಂಡಿಗೆ, ಎದುರು ದಡದ ರೈಲು ನಿಲ್ದಾಣ ಚೆಕೊಸ್ಲೊವಾಕಿಯಾಕ್ಕೆ. ಬೊಹುಮಿನ್‌ನಿಂದ ಕೊಶಿತ್ಸೆಗೆ ಈ ನಿಲ್ದಾಣದ ಮೂಲಕ ಹೋಗುವ ಹಳಿಯೂ ಹತ್ತಿರದ ಕರ್ವಿನಾದ ಕಲ್ಲಿದ್ದಲೂ ಆ ದೇಶಕ್ಕೆ ಬೇಕಿದ್ದವು. ಇದರಲ್ಲಿ ನಿಸರ್ಗದ ಪಾತ್ರವೇನು, ನೀವೇ ಹೇಳಿ. ನಿಲ್ದಾಣದಿಂದ ಸೇತುವೆ ದಾಟಿ ಪೇಟೆಗೆ 1911ರಿಂದ ಓಡುತ್ತಿದ್ದ ಟ್ರ್ಯಾಮ್ 1921ರಲ್ಲಿ ನಿಂತೇ ಹೋಯಿತು.

ತಕರಾರು ಮುಗಿಯಿತೇ? 1938ರಲ್ಲಿ, ಚೆಕೊಸ್ಲೊವಾಕಿಯಾದ ಒಂದು ಭಾಗವನ್ನು ಹಿಟ್ಲರನಿಗೆ ಕೊಟ್ಟ ಮ್ಯೂನಿಕ್ ಒಪ್ಪಂದದ ಬೆನ್ನಿಗೇ, ಪೋಲೆಂಡ್ ಆಚೆ ದಡವನ್ನು ಕಿತ್ತುಕೊಂಡಿತು. ಮರುವರ್ಷ ಎರಡೂ ದಡಗಳು ಹಿಟ್ಲರನ ಪಾಲಾದವು. ಯುದ್ಧ ಮುಗಿದ ಮೇಲೆ ಮತ್ತೆ ಅದೇ ಗೆರೆ. ಎರಡೂ ದೇಶಗಳು ಅದಕ್ಕೆ ಸಹಿ ಹಾಕಿದ್ದು 1958ರಲ್ಲಿ. ಸೇತುವೆಯ ಮೇಲಿನ ತಪಾಸಣೆ ಹೋಗಲು 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

2020ರಲ್ಲಿ ಕೊರೊನಾ ಬಂದು ಆ ಸೇತುವೆ ಮತ್ತೆ ಮುಚ್ಚಿತು. ಆಗ ಪೋಲಿಷ್ ದಡದಲ್ಲಿ, ಆಚೆಯವರಿಗೆ ಕಾಣುವ ಹಾಗೆ, ಬಟ್ಟೆಯೊಂದನ್ನು ಕಟ್ಟಿದರು: ‘ಚೆಕ್ ಗೆಳೆಯಾ, ನಿನ್ನ ನೆನಪು ಕಾಡುತ್ತಿದೆ.’ ಕೆಲವೇ ದಿನಗಳಲ್ಲಿ ಎದುರು ದಡದಲ್ಲೂ ಬಟ್ಟೆ ಏರಿತು: ‘ನನಗೂ ನಿನ್ನದೇ ನೆನಪು, ಪೋಲಿಷ್ ಗೆಳೆಯಾ.’ ನೂರು ವರ್ಷದ ಗಡಿಯ ಬಗ್ಗೆ ಅಲ್ಲಿ ಬಾಳುವವರ ಅಭಿಪ್ರಾಯ ಇದು. ರಾಯಭಾರಿಗಳು ಕೇಳದೆ ಬಿಟ್ಟದ್ದು ಇವರನ್ನೇ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ನಾವು ಮಕ್ಕಳಿಗೆ ಕೊಡುವ ಪಠ್ಯದ ಮೇಲೆ. ‘ನೈಸರ್ಗಿಕ ಗಡಿಗಳು: ನದಿ, ಪರ್ವತ, ಸಮುದ್ರ’ ಎಂದು ಬಾಯಿಪಾಠ ಮಾಡಿಸಿ ಅಂಕ ಕೊಡುತ್ತೇವೆ. ಒಪ್ಪಂದದ ಇಸವಿ ಕೇಳುತ್ತೇವೆ. ದಡದಲ್ಲಿದ್ದವರ ಪಾಡನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಈಗಲೂ ಕೇರಿಯ ಮಕ್ಕಳಿಗೆ ಪಾಠ ಹೇಳುತ್ತೇನೆಂದು ಬರೆದಿದ್ದೀರಿ, ಸಂತೋಷ. ಚೆಶಿನ್‌ನ ನಕ್ಷೆಯನ್ನು ಅವರ ಮುಂದಿಟ್ಟು, ಊರು ಈಚೆ, ನಿಲ್ದಾಣ ಆಚೆ ಯಾಕಾಯಿತೆಂದು ಕೇಳಿ. ಅವರ ಉತ್ತರಗಳನ್ನು ಕಳುಹಿಸಿಕೊಡಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

– ಸಂ.