ಪದ–ಪ್ರಶ್ನೆ: ದೇಶದ್ರೋಹವೋ, ರಾಜದ್ರೋಹವೋ?

ಪ್ರಶ್ನೆ: ಯಾರದೋ ಭಾಷಣದ ಮೇಲೆ ಪೊಲೀಸರು ಕೇಸು ಹಾಕಿದರೆ ಒಂದು ಪತ್ರಿಕೆ ‘ದೇಶದ್ರೋಹ’ ಎನ್ನುತ್ತದೆ, ಇನ್ನೊಂದು ‘ರಾಜದ್ರೋಹ’ ಎನ್ನುತ್ತದೆ. ಯಾವುದು ಸರಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಎರಡೂ ಒಂದೇ ಅಲ್ಲ. ಸ್ವಂತ ನಾಡಿನ ವಿರುದ್ಧ ಶತ್ರುವಿನ ಜೊತೆ ಸೇರಿಕೊಳ್ಳುವುದು, ಸೇನೆಯ ಗುಟ್ಟು ಮಾರುವುದು ದೇಶದ್ರೋಹ. ಆಳುವ ಸರ್ಕಾರದ ಮೇಲೆ ಜನರನ್ನು ಎತ್ತಿಕಟ್ಟುವುದು ರಾಜದ್ರೋಹ. ಬ್ರಿಟಿಷರು 1870ರಲ್ಲಿ ಭಾರತೀಯ ದಂಡ ಸಂಹಿತೆಗೆ (ಐಪಿಸಿ) ಸೇರಿಸಿದ 124ಎ ಸೆಕ್ಷನ್ ಈ ಎರಡನೆಯದು. 1908ರಲ್ಲಿ ತಿಲಕರನ್ನು ಬರ್ಮಾದ ಮಂಡಾಲೆ ಜೈಲಿಗೆ ಕಳಿಸಿದ್ದೂ 1922ರಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ವಿಧಿಸಿದ್ದೂ ಇದರಡಿಯೇ. ಅವರ ಹೆಸರಿನ ಪಕ್ಕ ‘ದೇಶದ್ರೋಹಿ’ ಎಂದು ಬರೆದು ನೋಡಿ, ಎಡವಟ್ಟು ಎಲ್ಲಿದೆಯೆಂದು ತಾನೇ ಕಾಣುತ್ತದೆ.

1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 124ಎ ಉಳಿಸಿತಾದರೂ, ಹಿಂಸೆಗೆ ಅಥವಾ ಸಾರ್ವಜನಿಕ ಅಶಾಂತಿಗೆ ಕುಮ್ಮಕ್ಕು ಕೊಡುವ ಮಾತಿಗಷ್ಟೇ ಅದನ್ನು ಸೀಮಿತಗೊಳಿಸಿತು. ಬರೀ ಕಟುಟೀಕೆ ಸಾಲದು. 2022ರ ಮೇ 11ರಂದು ಆ ಸೆಕ್ಷನ್ನಿನ ಬಳಕೆಯನ್ನೇ ಕೋರ್ಟು ತಡೆಹಿಡಿಯಿತು.

ವರದಿ ಬರೆಯುವವರು ಮೊದಲು ಕೃತ್ಯ ನಡೆದ ದಿನ ನೋಡಬೇಕು. 2024ರ ಜುಲೈ 1ಕ್ಕಿಂತ ಮುಂಚಿನದಾದರೆ ಐಪಿಸಿ, ಅಲ್ಲಿಂದೀಚಿನದಾದರೆ ಭಾರತೀಯ ನ್ಯಾಯ ಸಂಹಿತೆ. ಹೊಸ ಸಂಹಿತೆಯ 152ನೇ ಸೆಕ್ಷನ್ ಪ್ರತ್ಯೇಕತೆ, ಸಶಸ್ತ್ರ ಬಂಡಾಯಗಳಿಗೆ ಪ್ರಚೋದಿಸಿ ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ಒಡ್ಡುವುದರ ಬಗ್ಗೆ ಹೇಳುತ್ತದೆ. ಜೀವಾವಧಿ ಇಲ್ಲವೇ ಏಳು ವರ್ಷದವರೆಗೆ ಸಜೆ, ಜೊತೆಗೆ ದಂಡ. ರಾಜದ್ರೋಹ ಹೋಗಿ ದೇಶದ್ರೋಹ ಬಂತು ಎಂಬ ಮಾತು ಆಗ ಜೋರಾಗಿತ್ತು, ಆದರೆ ಆ ಸೆಕ್ಷನ್ನಿನಲ್ಲಿ ಈ ಎರಡೂ ಪದಗಳಿಲ್ಲ. ಗುಟ್ಟು ಮಾರಿದವರ ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬರುತ್ತದೆ, ಸರ್ಕಾರದ ವಿರುದ್ಧ ಯುದ್ಧ ಹೂಡಿದವರ ಮೇಲೆ ಸಂಹಿತೆಯ 147. ತಲೆಬರಹಕ್ಕೆ ಜಾಗ ಕಡಿಮೆ ಎಂದು ಎಲ್ಲಕ್ಕೂ ‘ದೇಶದ್ರೋಹ’ ಅಂಟಿಸುವುದು ಸೋಮಾರಿತನ. ಎಫ್‌ಐಆರ್‌ನಲ್ಲಿರುವ ಸೆಕ್ಷನ್ ಸಂಖ್ಯೆಯನ್ನೇ ಕೊಡಿ.

ಪ್ರಶ್ನೆ: ‘ದೇಶದ್ರೋಹಿ ಹೇಳಿಕೆ’ ಎನ್ನಬಹುದೇ?
– ಶಿಕ್ಷಕಿ, ತುಮಕೂರು

ಉತ್ತರ: ಬೇಡ. ದ್ರೋಹಿ ಎಂದರೆ ದ್ರೋಹ ಮಾಡಿದ ವ್ಯಕ್ತಿ, ಹೇಳಿಕೆಯಲ್ಲ. ‘ದೇಶದ್ರೋಹದ ಹೇಳಿಕೆ’ ಎನ್ನಿ. ಕ್ರಿಯಾಪದ ಬೇಕಾದಾಗ ‘ದೇಶಕ್ಕೆ ದ್ರೋಹ ಬಗೆದ’ ಅಥವಾ ‘ಎಸಗಿದ’. ಅಲ್ಲಿ ಚತುರ್ಥಿ ವಿಭಕ್ತಿಯೇ ಒಪ್ಪುತ್ತದೆ.

ಪ್ರಶ್ನೆ: ಹಾಗಾದರೆ ‘ರಾಷ್ಟ್ರವಿರೋಧಿ’?
– ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: 1976ರಲ್ಲಿ 42ನೇ ತಿದ್ದುಪಡಿ ಸಂವಿಧಾನಕ್ಕೆ 31ಡಿ ವಿಧಿ ಸೇರಿಸಿ ‘ರಾಷ್ಟ್ರವಿರೋಧಿ ಚಟುವಟಿಕೆ’ ಎಂದರೇನೆಂದು ವಿವರಿಸಿತ್ತು; 43ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಅದು ರಾಜಕೀಯದ ಬೈಗುಳವಷ್ಟೇ. ಬಳಸಲೇಬೇಕಾದರೆ ಹಾಗೆಂದವರು ಯಾರು ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಿ.